ಮೇಯರ್ ಕಟ್ಟಿಸಿದ ಬಸ್ ನಿಲ್ದಾಣ

ವಾಸ್ತುಶಿಲ್ಪಿಯ ಬಗ್ಗೆ ಬರೆಯುವಾಗ ಅವರು ಕಟ್ಟಿದ ಕಟ್ಟಡಗಳ ಹೆಸರು ಹೇಳುವುದು ರೂಢಿ. ಬ್ರೆಜಿಲ್‌ನ ಜೈಮಿ ಲೆರ್ನರ್ ವಿಷಯದಲ್ಲಿ ಅದು ನಡೆಯದು. ಅವರ ಅತ್ಯುತ್ತಮ ಕೃತಿ ಯಾವುದೆಂದರೆ ನಾನು ತೋರಿಸುವುದು ಕುರಿಟಿಬಾ ನಗರದ ಬಸ್ ನಿಲ್ದಾಣವನ್ನು.

ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಯ ಮಗ ಲೆರ್ನರ್ ಹುಟ್ಟಿದ್ದು 1937ರಲ್ಲಿ, ಅದೇ ಊರಿನಲ್ಲಿ. 1971ರಲ್ಲಿ, 33ನೇ ವಯಸ್ಸಿಗೇ ಮೇಯರ್ ಆದರು. ಜನ ಆರಿಸಿದ್ದಲ್ಲ; ಆಗ ಅಲ್ಲಿದ್ದದ್ದು ಸೇನಾ ಆಡಳಿತ, ಮೇಯರ್‌ಗಿರಿ ನೇಮಕದ ಹುದ್ದೆ. ಅವರನ್ನು ಹೊಗಳುವವರು ಈ ಮಾತನ್ನು ನುಂಗಿಬಿಡುತ್ತಾರೆ. ನುಂಗಬಾರದು, ಮುಂದಿನ ಕತೆಯ ವೇಗಕ್ಕೆ ಅರ್ಧ ಕಾರಣ ಅದೇ.

1972ರ ಮೇ ತಿಂಗಳ ಒಂದು ಶುಕ್ರವಾರ ಸಂಜೆ ಪೇಟೆಯ ಮುಖ್ಯ ಬೀದಿಗೆ ಗುದ್ದಲಿ ಬಿತ್ತು. 72 ಗಂಟೆಗಳಲ್ಲಿ ವಾಹನಗಳ ಬೀದಿ ಹೋಗಿ ಕಲ್ಲುಹಾಸಿನ, ಹೂಕುಂಡಗಳ ಕಾಲ್ನಡಿಗೆಯ ಬೀದಿ ಬಂತು. ತಡೆಯಾಜ್ಞೆ ತರಬೇಕೆಂದಿದ್ದ ಅಂಗಡಿಯವರು ಕೋರ್ಟಿಗೆ ಹೊರಡುವಷ್ಟರಲ್ಲಿ ಕೆಲಸವೇ ಮುಗಿದಿತ್ತು. ಕಾರಿನವರು ಗುಂಪಾಗಿ ನುಗ್ಗುತ್ತೇವೆಂದು ಬೆದರಿಸಿದಾಗ ಲೆರ್ನರ್ ಬೀದಿಯುದ್ದಕ್ಕೂ ಕಾಗದ ಹಾಸಿ, ಚಿತ್ರ ಬಿಡಿಸಲು ಮಕ್ಕಳನ್ನು ಕೂರಿಸಿದರು. ಕಾರುಗಳು ವಾಪಸ್! ವ್ಯಾಪಾರ ಕುದುರಿದ ಮೇಲೆ ಅಂಗಡಿಯವರೇ ಬೀದಿಯನ್ನು ಇನ್ನೂ ಉದ್ದ ಮಾಡಿ ಎಂದು ಕೇಳಿದರು.

ಮೆಟ್ರೋ ಕಟ್ಟುವಷ್ಟು ದುಡ್ಡು ಊರಿಗಿರಲಿಲ್ಲ. 1974ರಲ್ಲಿ ರಸ್ತೆಯ ನಡುವೆ ಬಸ್ಸಿಗೆಂದೇ ದಾರಿ ಬಿಟ್ಟರು. ಆದರೆ ಬಸ್ಸಿನ ಹೊತ್ತು ಹಾಳಾಗುವುದು ರಸ್ತೆಯಲ್ಲಷ್ಟೇ ಅಲ್ಲ, ಬಾಗಿಲಲ್ಲೂ. ಮುದುಕರು ಮೆಟ್ಟಿಲು ಹತ್ತಬೇಕು, ಟಿಕೆಟ್ಟಿಗೆ ಚಿಲ್ಲರೆ ಹುಡುಕಬೇಕು. ಅಷ್ಟು ಹೊತ್ತೂ ಬಸ್ ನಿಂತೇ ಇರಬೇಕು. ಲೆರ್ನರ್ ಚುನಾವಣೆಯಲ್ಲೇ ಗೆದ್ದು ಮೂರನೇ ಬಾರಿ ಮೇಯರ್ ಆಗಿದ್ದಾಗ, 1991ರಲ್ಲಿ, ಇದಕ್ಕೆ ಸಿಕ್ಕ ಉತ್ತರವೇ ಕೊಳವೆ ನಿಲ್ದಾಣ. ಉಕ್ಕು, ಗಾಜಿನ ದುಂಡನೆಯ ಕೊಳವೆ, ಅಡ್ಡ ಮಲಗಿದೆ. ಅದರ ನೆಲ ಬಸ್ಸಿನ ನೆಲದಷ್ಟೇ ಎತ್ತರ. ಒಂದು ತುದಿಯಲ್ಲಿ ಹಣ ಕೊಟ್ಟು ಒಳಹೊಕ್ಕರೆ ಮಳೆಯಿಲ್ಲ, ಟಿಕೆಟ್ಟಿನ ಗೊಡವೆಯೂ ಇಲ್ಲ. ಬಸ್ ಬಂದು ನಿಂತರೆ ಬಾಗಿಲ ಬುಡದಿಂದ ಒಂದು ಹಲಗೆ ಕೊಳವೆಗೆ ಚಾಚಿಕೊಳ್ಳುತ್ತದೆ; ಗಾಲಿಕುರ್ಚಿಯೂ ನೇರ ಒಳಗೆ. ವಿನ್ಯಾಸ ತಂಡದ್ದು, ಲೆರ್ನರ್ ಒಬ್ಬರದಲ್ಲ. ಆದರೆ ಅದನ್ನು ಬೀದಿಗಿಳಿಸಲು ನಕ್ಷೆ ಓದಬಲ್ಲ ಮೇಯರ್ ಬೇಕಿತ್ತು.

ಲಾರಿ ಹೋಗಲಾರದ ಕೊಳೆಗೇರಿಗಳಲ್ಲಿ ಕಸ ತಂದುಕೊಟ್ಟವರಿಗೆ ಬಸ್ ಟೋಕನ್ನು, ತರಕಾರಿ ಕೊಡಿಸಿದ್ದೂ ಇದೇ ತಲೆ. ಮುಂದೆ ಎರಡು ಸಲ ಪರನಾ ರಾಜ್ಯದ ಗವರ್ನರ್ ಆದರು. ಆ ಅಧ್ಯಾಯದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. 2021ರಲ್ಲಿ ತೀರಿಕೊಂಡರು. ಕುರಿಟಿಬಾ ಸ್ವರ್ಗವೇನೂ ಆಗಿಲ್ಲ. ಬಸ್ಸುಗಳು ಕಿಕ್ಕಿರಿದಿವೆ, ಕಾರುಗಳು ಹೆಚ್ಚಿವೆ. ಆದರೂ ಅಲ್ಲಿನ ಬಸ್ಸಿನ ಪಾಠವನ್ನು ಬೊಗೋಟಾ ಸೇರಿದಂತೆ ಎಷ್ಟೋ ಊರುಗಳು ಕಲಿತವು.

ನಮ್ಮಲ್ಲೂ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಪ್ರತ್ಯೇಕ ದಾರಿಯಿದೆ, ಟಿಕೆಟ್ ನಿಲ್ದಾಣದಲ್ಲೇ, ಕಟ್ಟೆಯೂ ಬಸ್ಸಿನ ಮಟ್ಟಕ್ಕಿದೆ. ಆ ಕಡೆ ಹೋದಾಗ ಒಮ್ಮೆ ಹತ್ತಿ ನೋಡಿ. ಕಿಟಕಿಯ ಸೀಟು ಆಮೇಲೆ. ಮೊದಲು ಬಾಗಿಲಲ್ಲಿ ನಿಮ್ಮ ಕಾಲು ಎಷ್ಟು ಎತ್ತಬೇಕಾಯಿತು ಅಂತ ಗಮನಿಸಿ.