ಕಾಡುದಾರಿಯೂ ಕೈಯ ಕೋವಿಯೂ: ಕಾರ್ಬೆಟ್ ಮತ್ತು ಆಂಡರ್ಸನ್ನರ ಬರಹಗಳನ್ನು ಕುರಿತು

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನು 'ಕಾಡಿನ ದಾರಿಯಲ್ಲಿ ಪ್ರಯಾಣ' ಎಂಬ ಪ್ರಬಂಧದಲ್ಲಿ, ಕೋವಿಯಿಲ್ಲದೆ ಕಾಡಿಗೆ ಹೋಗುವವನು ಅವಿವೇಕಿಯೆಂದು ಬರೆದಿದ್ದನು. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಬರಹ ದುಂಡಾಗಿತ್ತು. ಆದರೆ ಆ ಹುಡುಗನು ದಿನವೂ ಎರಡು ಮೈಲಿ ಕಾಡಂಚಿನ ದಾರಿಯಲ್ಲಿಯೇ ನಡೆದು ಶಾಲೆಗೆ ಬರುವವನು. ಅವನ ಅಜ್ಜಿಯು ವಾರಕ್ಕೆ ಮೂರು ಸಲ ಸೌದೆಗೆಂದು ಅದೇ ಕಾಡಿಗೆ ಹೋಗಿ ಬರುತ್ತಾಳೆ. ಅವಳ ಕೈಯಲ್ಲಿರುವುದು ಒಂದು ಕುಡುಗೋಲು, ಅದೂ ಸೌದೆ ಸವರುವುದಕ್ಕೆ. "ನಿನ್ನ ಅಜ್ಜಿಯೂ ಅವಿವೇಕಿಯೇನಯ್ಯ?" ಎಂದು ಕೇಳಿದಾಗ ಅವನು ತಲೆ ತಗ್ಗಿಸಿ, "ಪುಸ್ತಕದಲ್ಲಿ ಹಾಗಿದೆ, ಸಾರ್" ಎಂದನು.

ಪುಸ್ತಕವಾವುದೆಂದು ವಿಚಾರಿಸಲಾಗಿ, ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಕಥೆಗಳನ್ನು ಕನ್ನಡಕ್ಕೆ ತಂದಿರುವ 'ಕಾಡಿನ ಕಥೆಗಳು' ಮಾಲೆಯದೊಂದು ಭಾಗವೂ, ಜಿಮ್ ಕಾರ್ಬೆಟ್ಟರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವೂ ಅವನ ಚೀಲದಲ್ಲಿದ್ದುವು. ಎರಡೂ ನಾನೇ ಓದಲು ಕೊಟ್ಟವು. ಪುಸ್ತಕದಲ್ಲಿ ನಿಜವಾಗಿಯೂ ಹಾಗಿದೆಯೇ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ. ಇಲ್ಲವೆಂಬುದೇ ನನ್ನ ತೀರ್ಮಾನ. ಆದರೆ ಹುಡುಗನು ಹಾಗೆ ಓದಿಕೊಂಡದ್ದಕ್ಕೆ ಪುಸ್ತಕಗಳೂ ಅಷ್ಟಿಷ್ಟು ಹೊಣೆ, ಅವನ್ನು ಕಲಿಸುವ ನಾವೂ ಹೊಣೆ.

ಮೊದಲು ಒಂದು ಭೇದವನ್ನು ಗುರುತಿಸಬೇಕು. ಈ ಕಥೆಗಳಲ್ಲಿ ಕೋವಿ ಹಿಡಿದವನು ಅಪಾಯವನ್ನು ಅರಸಿಕೊಂಡು ಹೋಗುವವನು. ನರಭಕ್ಷಕವನ್ನು ಕೊಲ್ಲುವುದೇ ಅವನ ಕೆಲಸ. ಹುಲಿಯು ಎದುರಾಗದಿದ್ದರೆ ಅವನಿಗೆ ಆ ದಿನ ವ್ಯರ್ಥ. ದಾರಿಗನಾದರೋ ಹುಲಿಯು ಎದುರಾಗದಿರಲೆಂದು ಬಯಸುವವನು. ಬೇಟೆಗಾರನ ಕೋವಿ ಒಂದು ಉಪಕರಣ. ದಾರಿಗನ ಕೋವಿ ಒಂದು ಧೈರ್ಯವಚನ. ಹುಡುಗರು, ಹುಡುಗರೇಕೆ, ನಾವೂ ಓದುವ ಭರದಲ್ಲಿ ಮೊದಲನೆಯದನ್ನು ಎರಡನೆಯದೆಂದು ತಿಳಿಯುತ್ತೇವೆ. ಇದಕ್ಕೆ ಈ ಸಾಹಿತ್ಯಪ್ರಕಾರದ ಸ್ವಭಾವವೇ ಕಾರಣ. ಬದುಕಿ ಬಂದವನೇ ಕಥೆ ಬರೆಯುತ್ತಾನೆ. ಕೋವಿಯಿದ್ದೂ ಮರಳದವನ ಪುಸ್ತಕ ಅಚ್ಚಾಗುವುದಿಲ್ಲ. ಕೋವಿಯಿಲ್ಲದೆ ಮೂವತ್ತು ವರ್ಷ ಹೋಗಿ ಬಂದ ಸೌದೆಯವಳಿಗೆ ಹೇಳಿಕೊಳ್ಳುವಂಥ ಕಥೆಯೇ ಇಲ್ಲ.

ಕಾರ್ಬೆಟ್ಟರು (೧೮೭೫–೧೯೫೫) ಈ ಮಾತನ್ನು ಅರಿಯದವರಲ್ಲ. ೧೯೪೪ರಲ್ಲಿ ಪ್ರಕಟವಾದ 'ಕುಮಾವೂನಿನ ನರಭಕ್ಷಕಗಳು' ಗ್ರಂಥದ ಆರಂಭದ ಮಾತುಗಳಲ್ಲಿಯೇ, ಕಾಡಿನಲ್ಲಿ ದುಡಿಯುವ, ಹುಲ್ಲು ಕೊಯ್ಯುವ, ಸೌದೆ ಆಯುವ ಸಾವಿರಾರು ಗಂಡಸರು, ಹೆಂಗಸರು, ಮಕ್ಕಳು ದಿನವೂ ಹುಲಿಗಳ ಸಮೀಪದಲ್ಲಿಯೇ ಹಾದು, ಹಾದದ್ದೂ ತಿಳಿಯದೆ ಕ್ಷೇಮವಾಗಿ ಮನೆಗೆ ಮರಳುತ್ತಾರೆಂಬುದನ್ನು ಅವರು ನೆನೆದಿದ್ದಾರೆ. ಹುಲಿಯು ಗಾಯದಿಂದಲೋ ಮುಪ್ಪಿನಿಂದಲೋ ನಿರುಪಾಯವಾದಾಗ ಮಾತ್ರ ಮನುಷ್ಯನ ಕಡೆಗೆ ತಿರುಗುವುದೆಂಬುದು ಅವರ ಮತ. ನಮ್ಮ ಹುಡುಗನ ಅಜ್ಜಿ ಆ ಮೊದಲ ಪುಟಗಳಲ್ಲಿದ್ದಾಳೆ. ಆದರೆ ಮುನ್ನುಡಿಯನ್ನು ಓದುವ ವಿದ್ಯಾರ್ಥಿ ಯಾವ ಊರಿನಲ್ಲಿದ್ದಾನೆ? ಅವನು ನೆಟ್ಟಗೆ ಚಂಪಾವತದ ಹುಲಿಗೇ ಹೋಗುತ್ತಾನೆ.

ಹೋಗಲಿ. ಚಂಪಾವತದ ಹೆಣ್ಣುಹುಲಿಯ ಕಥೆಯನ್ನೇ ನೋಡೋಣ. ೪೩೬ ಮಂದಿಯನ್ನು ಕೊಂದ ಆ ಹುಲಿಯನ್ನು ಕಾರ್ಬೆಟ್ಟರು ಹೊಡೆದದ್ದು ೧೯೦೭ರಲ್ಲಿ. ಕಥೆಯ ಅಂತ್ಯವು ಕೋವಿಯ ಮಹಿಮೆಯನ್ನು ಸಾರುವಂಥದಲ್ಲ. ತಂದದ್ದು ಮೂರೇ ತೋಟಾ, ಮೂರೂ ಮುಗಿದುವು, ಹುಲಿ ಇನ್ನೂ ನಿಂತಿದೆ. ಕಾರ್ಬೆಟ್ಟರು ಓಡಿಹೋಗಿ ತಹಸೀಲ್ದಾರರ ಕೈಯ ಕೋವಿಯನ್ನು ಕಸಿದುಕೊಂಡು ಬರುತ್ತಾರೆ. ನೋಡಿದರೆ ಅದರ ನಳಿಗೆಗೂ ಹಿಂಬದಿಯ ಕಟ್ಟಿಗೂ ನಡುವೆ ಸಂದು ಬಿಟ್ಟಿದೆ. ಹಾರಿಸಿದರೆ ಹೊಡೆಯುವವನ ಕಣ್ಣೇ ಹೋದೀತು. ಬಾಯಿಗೆ ಗುರಿಯಿಟ್ಟ ಗುಂಡು ಪಂಜಕ್ಕೆ ತಗಲುತ್ತದೆ. ಹುಲಿಯು ಅಷ್ಟರಲ್ಲಿ ಹಿಂದಿನ ಗಾಯಗಳಿಂದಲೇ ಸಾಯುತ್ತಲಿತ್ತು. ಲೇಖಕರು ಇದನ್ನು ಮರೆಮಾಚದೆ, ತಮ್ಮನ್ನೇ ಕೊಂಚ ಹಾಸ್ಯಕ್ಕೆ ಒಡ್ಡಿಕೊಂಡು ಹೇಳಿರುವುದು ಅವರ ದೊಡ್ಡತನ. ಇದಕ್ಕಿಂತ ಮುಖ್ಯವಾದ ಮಾತು ಆಮೇಲೆ ಬರುತ್ತದೆ. ಸತ್ತ ಹುಲಿಯ ಬಾಯನ್ನು ಪರೀಕ್ಷಿಸಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡಕ್ಕೇ ಹೋಗಿತ್ತು. ಅದು ಹಳೆಯ ಗುಂಡೇಟು. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಆ ಹುಲಿಯು ನರಭಕ್ಷಕವಾದದ್ದು ಯಾರೋ ಒಬ್ಬನು ಹಾರಿಸಿ ಬಿಟ್ಟುಹೋದ ಕೋವಿಯಿಂದ. ಮೊದಲನೆಯ ಕೋವಿ ಮಾಡಿದ್ದನ್ನು ಕೊನೆಯ ಕೋವಿ ತಿದ್ದಿತು. ನಡುವೆ ನಾಲ್ಕುನೂರ ಮೂವತ್ತಾರು ಜೀವ.

ಎಲ್ಲ ನರಭಕ್ಷಕಗಳಿಗೂ ಕೋವಿಯೇ ಕಾರಣವೆಂದು ವಾದಿಸುವುದು ನನ್ನ ಇಷ್ಟವಲ್ಲ. ಮುಕ್ತೇಶ್ವರದ ಹುಲಿಯನ್ನು ಕೆಡಿಸಿದ್ದು ಮುಳ್ಳುಹಂದಿಯ ಮುಳ್ಳುಗಳು. ರುದ್ರಪ್ರಯಾಗದ ಚಿರತೆಯ ವಿಷಯದಲ್ಲಿ, ೧೯೧೮ರ ಶೀತಜ್ವರದ ಮಾರಿಯಲ್ಲಿ ಹೆಣಗಳನ್ನು ಸುಡಲಾಗದೆ ಬೆಟ್ಟದಿಂದ ಕೆಳಗೆ ತಳ್ಳಿದ್ದರಿಂದ ಅದಕ್ಕೆ ನರಮಾಂಸದ ರುಚಿ ಹತ್ತಿತೆಂದು ಕಾರ್ಬೆಟ್ಟರು ಊಹಿಸುತ್ತಾರೆ. ಈ ಚಿರತೆಯ ಕಥೆ ನಮ್ಮ ಪ್ರಶ್ನೆಗೆ ಇನ್ನೊಂದು ರೀತಿಯಲ್ಲಿ ಸಂಬಂಧಿಸಿದ್ದು, ಏಕೆಂದರೆ ಇದು ದಾರಿಗರ ಕಥೆ. ಕೇದಾರ ಬದರಿಗಳಿಗೆ ಹೋಗುವ ಯಾತ್ರಿಕರು ನಡೆಯುವ ಹಾದಿಯಲ್ಲಿ ೧೯೧೮ರಿಂದ ೧೯೨೬ರವರೆಗೆ ಅದು ೧೨೫ ಮಂದಿಯನ್ನು ತಿಂದಿತು. ಸರ್ಕಾರವು ಕೋವಿಯ ವಿಶೇಷ ಪರವಾನಗಿಗಳನ್ನು ಹಂಚಿತು, ಬಹುಮಾನ ಸಾರಿತು, ಬೋನು, ವಿಷ ಎಲ್ಲವೂ ನಡೆದುವು. ಗಢವಾಲದಲ್ಲಿ ಕೋವಿಗೆ ಬರವಿರಲಿಲ್ಲ, ಚಿರತೆ ಸಾಯಲಿಲ್ಲ. ೧೯೨೬ರ ಮೇ ೨ರ ರಾತ್ರಿ ಅದು ಸತ್ತದ್ದು, ಒಬ್ಬನು ವಾರಗಟ್ಟಲೆ ಅದರ ನಡೆಯನ್ನು ಕಲಿತು ಮರದ ಮೇಲೆ ಕಾದದ್ದರಿಂದ. ಅಲ್ಲಿ ರೈಫಲ್ಲು ಬೇಕೇ ಆಗಿತ್ತು, ಕುಡುಗೋಲಿನಿಂದ ಆಗುತ್ತಿರಲಿಲ್ಲ, ಒಪ್ಪಿದೆ. ಆದರೆ ಯಾತ್ರಿಕನ ಹೆಗಲಿಗೆ ಒಂದೊಂದು ಕೋವಿ ಏರಿಸಿದ್ದರೆ ಆ ನೂರಿಪ್ಪತ್ತೈದು ಮಂದಿ ಉಳಿಯುತ್ತಿದ್ದರೆ? ಕತ್ತಲೆಯಲ್ಲಿ ಹಿಂದಿನಿಂದ ಸದ್ದಿಲ್ಲದೆ ಬಂದು ಕುತ್ತಿಗೆ ಹಿಡಿಯುವ ಪ್ರಾಣಿಗೆ ಹೆಗಲ ಮೇಲಿನ ಕೋವಿ ಏನು ಮಾಡೀತು? ಜನರನ್ನು ಕಾಪಾಡಿದ್ದು, ಕಾಪಾಡಿದ ಮಟ್ಟಿಗೆ, ಸಂಜೆಯೊಳಗೆ ಬಾಗಿಲು ಹಾಕಿಕೊಂಡದ್ದು.

ಈ ಚರ್ಚೆಗೆಲ್ಲ ತಿರುಳಾದ ಪ್ರಸಂಗವು ಚೌಗಢದ ಹುಲಿಯ ಕಥೆಯ ಕೊನೆಯಲ್ಲಿದೆ. ೧೯೩೦ರ ಏಪ್ರಿಲ್ ೧೧. ಕಾರ್ಬೆಟ್ಟರಿಗೆ ಹಕ್ಕಿಮೊಟ್ಟೆ ಸಂಗ್ರಹಿಸುವ ಹವ್ಯಾಸ. ದಾರಿಯಲ್ಲಿ ನತ್ತಿಂಗನ ಎರಡು ಮೊಟ್ಟೆ ಕಂಡು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ, ಬಲಗೈಯಲ್ಲಿ ಹಗುರವಾದ ರೈಫಲ್ಲು. ಒಂದು ಬಂಡೆಯನ್ನು ಬಳಸಿ ಇಳಿದು ಹಿಂತಿರುಗಿ ನೋಡಿದರೆ ಎಂಟು ಅಡಿ ದೂರದಲ್ಲಿ ಹುಲಿ. ಒಂದೇ ಕೈಯಿಂದ, ಹುಲಿಗೆ ಚಲನೆಯೇ ಕಾಣದಷ್ಟು ನಿಧಾನವಾಗಿ, ರೈಫಲನ್ನು ಮುಕ್ಕಾಲು ಸುತ್ತು ತಿರುಗಿಸಿ ಗುಂಡು ಹಾರಿಸುತ್ತಾರೆ. ಇಷ್ಟನ್ನು ಎಲ್ಲ ಹುಡುಗರೂ ಬಲ್ಲರು. ಅನಂತರ ಲೇಖಕರು ಮಾಡುವ ವಿಮರ್ಶೆಯನ್ನು ಯಾರೂ ನೆನಪಿಡುವುದಿಲ್ಲ. ತಾನು ಉಳಿದದ್ದಕ್ಕೆ ಅವರು ಕೊಡುವ ಮೊದಲನೆಯ ಕಾರಣ ರೈಫಲ್ಲಲ್ಲ, ಎಡಗೈಯ ಮೊಟ್ಟೆಗಳು! ಮೊಟ್ಟೆಯಿಲ್ಲದಿದ್ದರೆ ಎರಡೂ ಕೈ ಕೋವಿಯ ಮೇಲಿರುತ್ತಿದ್ದುವು. ಹುಲಿಯನ್ನು ಕಂಡೊಡನೆ ಗಕ್ಕನೆ ತಿರುಗುತ್ತಿದ್ದರು. ತಿರುಗಿದ್ದರೆ ಆ ಕ್ಷಣದಲ್ಲಿಯೇ ಹುಲಿ ಎರಗುತ್ತಿತ್ತು. ಮೊಟ್ಟೆ ಒಡೆಯಬಾರದೆಂಬ ಎಚ್ಚರವೇ ದೇಹವನ್ನು ಸ್ತಬ್ಧವಾಗಿಟ್ಟಿತು. ಎರಡನೆಯ ಕಾರಣವಾಗಿ ಬರುವ ರೈಫಲ್ಲಿಗೂ ಹೊಗಳಿಕೆ ದೊರೆಯುವುದು ಅದರ ಹಗುರಕ್ಕೆ. ಕೋವಿಯನ್ನು ಹಿಡಿಯದ ಕೈಯೇ ಜೀವ ಉಳಿಸಿತೆಂದು ಬೇಟೆಗಾರನೇ ಬರೆದಿಟ್ಟಿದ್ದಾನೆ. ಮೊಟ್ಟೆಗಳನ್ನು ಅವರು ಮರಳಿ ಅದೇ ಗೂಡಿನಲ್ಲಿಟ್ಟರು. ಅರ್ಧ ಗಂಟೆ ಕಳೆದು ಬಂದಾಗ ತಾಯಿಹಕ್ಕಿ ಕಾವು ಕುಳಿತಿತ್ತು.

'ಜಂಗಲ್ ಲೋರ್' (೧೯೫೩) ಎಂಬ ಅವರ ಬಾಲ್ಯದ ಪುಸ್ತಕವನ್ನು ನಾನು ಉಳಿದವುಗಳಿಗಿಂತ ಮೇಲೆಂದು ಎಣಿಸುತ್ತೇನೆ. ಅಲ್ಲಿ ಹುಡುಗನ ಕೈಯಲ್ಲಿರುವುದು ಒಂದು ನಳಿಗೆ ಸೀಳಿದ, ಹಿತ್ತಾಳೆಯ ತಂತಿಯಿಂದ ಬಿಗಿದ ಹಳೆಯ ಜೋಡಿನಳಿಗೆಯ ಕೇಪಿನ ಕೋವಿ. ಅದನ್ನು ನಂಬಿ ಕಾಡಿಗೆ ಹೋಗುವುದಾದರೂ ಹೇಗೆ? ಆದ್ದರಿಂದ ಅವನು ಕಿವಿಯನ್ನು ನಂಬಲು ಕಲಿತನು. ಬಾನ್‌ಷೀ ಎಂಬ ಪಿಶಾಚಿಯ ಕೂಗೆಂದು ದೊಡ್ಡವರು ಹೆದರಿಸಿದ್ದ ಸದ್ದನ್ನು ಅರಸಿ ಮರ ಹತ್ತಿ ನೋಡುತ್ತಾನೆ. ಗಾಳಿಗೆ ಎರಡು ಕೊಂಬೆ ಉಜ್ಜುತ್ತಿರುತ್ತವೆ. ಭಯವನ್ನು ಗುಂಡಿನಿಂದ ಅಲ್ಲ, ಹತ್ತಿರ ಹೋಗಿ ನೋಡುವುದರಿಂದ ನೀಗುವ ಈ ಅಧ್ಯಾಯ ಏಳನೆಯ ತರಗತಿಯ ಪಾಠವಾಗಲು ಯೋಗ್ಯವಾದದ್ದು.

ಆಂಡರ್ಸನ್ನರ (೧೯೧೦–೧೯೭೪) ಮಾತು ಬೇರೆ. ಅವರು ನಮ್ಮವರು. ಬೆಂಗಳೂರಿನಲ್ಲಿ ಬಾಳಿ, ಕನ್ನಡ ತಮಿಳುಗಳನ್ನು ಆಡಿ, ಜವಳಗಿರಿ, ದೇನ್ಕನಿಕೋಟೆ, ಅಂಚೆಟ್ಟಿ, ದಿಂಬಂ, ತಾಳವಾಡಿಗಳ ಕಾಡನ್ನು ಕಾಲಿನಿಂದಲೇ ಬಲ್ಲವರು. ೧೯೫೪ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿಯೇ ಜವಳಗಿರಿಯ ಹುಲಿಯೂ ಗುಮ್ಮಳಾಪುರದ ಚಿರತೆಯೂ ಬರುತ್ತವೆ. ತಮ್ಮ ಊರಿನ ಹೆಸರನ್ನು ಅಚ್ಚಿನಲ್ಲಿ ಕಂಡ ಮಕ್ಕಳ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಆದರೆ ಕಾರ್ಬೆಟ್ಟರ ಸಂಯಮ ಇವರಲ್ಲಿಲ್ಲ. ಕಥೆಯನ್ನು ಬಿಗಿಗೊಳಿಸುವ ಆಸೆಯಲ್ಲಿ ಒಂದು ಕಥೆಯ ಇರುಳು ಇನ್ನೊಂದರ ಇರುಳಿನಂತೆಯೇ ಕಾಣುತ್ತದೆ. ಪಾಯಿಂಟ್ ೪೦೫ ವಿಂಚೆಸ್ಟರ್ ರೈಫಲ್ಲಿನ ಹೆಸರು ಕುಲದೇವತೆಯ ಹೆಸರಿನಂತೆ ಮತ್ತೆ ಮತ್ತೆ ಬರುತ್ತದೆ. ನಮ್ಮ ಹುಡುಗನು ಪ್ರಬಂಧದ ವಾಕ್ಯವನ್ನು ಕಲಿತದ್ದು ಇಲ್ಲಿಂದಲೇ ಇರಬೇಕು. ಆದರೂ ಗುಮ್ಮಳಾಪುರದ ಕಥೆಯಲ್ಲಿ ಚಿರತೆಯ ಬರವನ್ನು ಮೊದಲು ಅರಿತು ಎಚ್ಚರಿಸುವುದು ಊರಿನ ಒಂದು ಬೀದಿನಾಯಿ. ರೈಫಲ್ಲು ಹತ್ತಿರದಲ್ಲಿಯೇ ಇತ್ತು. ಯಾವ ಕಡೆಗೆ ಹಿಡಿಯಬೇಕೆಂಬುದನ್ನು ಅದು ಹೇಳಲಾರದು. ಲೇಖಕರು ಕೃತಜ್ಞರಾಗಿ ಆ ನಾಯಿಯನ್ನು ಬೆಂಗಳೂರಿಗೆ ಕರೆದೊಯ್ದರೆಂಬುದನ್ನೂ ಬರೆದಿದ್ದಾರೆ. ಪೂಜಾರಿ ಬೈರನ ಕಥೆಯಲ್ಲಿ ಕಾಡನ್ನು ಓದುವ ವಿದ್ಯೆಗೆ ಗುರುವಾಗಿ ನಿಲ್ಲುವವನು ದೊರೆಯಲ್ಲ, ಬೈರ.

ಇಲ್ಲಿ ಅನುವಾದವನ್ನು ಕುರಿತು ಒಂದು ಮಾತು ಹೇಳಬೇಕು. ಮೂಲದಲ್ಲಿ ಈ ಬೈರ, ಮುನಿಶಾಮಿ ಮೊದಲಾದವರು ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿ ಬಂದು ಅರ್ಧ ಮೂಕರಾಗಿದ್ದಾರೆ. ತೇಜಸ್ವಿಯವರ ಕನ್ನಡದಲ್ಲಿ ಅವರು ತಮ್ಮ ನಾಲಗೆಗೆ ಮರಳಿದರು. ಅವರ ತಿಳಿವಳಿಕೆಗೆ ತೂಕ ಬಂದಿತು. ತೇಜಸ್ವಿಯವರು ತಾವೂ ಕೋವಿ ಹಿಡಿದು ಕಾಡು ತಿರುಗಿ, ಆಮೇಲೆ ಕ್ಯಾಮೆರಾ ಹಿಡಿದವರಾದ್ದರಿಂದ ಈ ಹದ ಅವರಿಗೆ ಸಿಕ್ಕಿತು. 'ಜಾಲಹಳ್ಳಿಯ ಕುರ್ಕ' ಎಂಬ ಹೆಸರಿನ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಬೆಂಗಳೂರಿನ ಮಗ್ಗುಲ ಊರಿನ ಚಿರತೆಗೆ ಮಲೆನಾಡಿನ ಹೆಸರು ಏಕೆ? ನಮ್ಮ ತರಗತಿಯಲ್ಲಿ ಕುರ್ಕವೆಂದರೆ ಏನೆಂದು ಒಬ್ಬರಿಗೂ ತಿಳಿಯಲಿಲ್ಲ. ಇದು ಸಣ್ಣ ಮಾತು.

ಈ ಪ್ರಶ್ನೆಯನ್ನು ಅಂಕಿಗಳಿಂದ ಅಳೆದವರೂ ಇದ್ದಾರೆ. ಅಮೆರಿಕದ ಅಲಾಸ್ಕದಲ್ಲಿ ಕರಡಿಗಳ ಕಾಡಿಗೆ ನಡೆದು ಹೋಗುವವರು ಕೋವಿ ಒಯ್ಯುವುದು ವಾಡಿಕೆ. ಅಲ್ಲಿ ೧೮೮೩ರಿಂದ ೨೦೦೯ರವರೆಗೆ ಕೋವಿಧಾರಿಗಳು ಕರಡಿಯನ್ನು ಎದುರಿಸಿದ ೨೬೯ ಪ್ರಸಂಗಗಳನ್ನು ಸಂಶೋಧಕರು ಕೂಡಿಸಿ ೨೦೧೨ರಲ್ಲಿ ಪ್ರಕಟಿಸಿದರು. ಕೋವಿಯನ್ನು ಬಳಸಿದವರಿಗೂ, ಕೈಯಲ್ಲಿದ್ದೂ ಬಳಸದವರಿಗೂ ಆದ ಗಾಯ ಸಾವುಗಳಲ್ಲಿ ಎಣಿಸತಕ್ಕ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಮೆಣಸಿನಕಾಯಿಯ ಖಾರದಿಂದ ಮಾಡಿದ ಸಿಂಪಡಿಕೆಯನ್ನು ಕುರಿತದ್ದು. ಅದನ್ನು ಬಳಸಿದವರಲ್ಲಿ ನೂರಕ್ಕೆ ೯೮ ಮಂದಿ ಗಾಯವಿಲ್ಲದೆ ಪಾರಾಗಿದ್ದರು. ಸಿಂಪಡಿಕೆಗೆ ಗುರಿ ಬೇಡ, ಕೈ ನಡುಗಿದರೂ ನಡೆಯುತ್ತದೆ. ಕರಡಿಯ ಲೆಕ್ಕವನ್ನು ನಮ್ಮ ಆನೆಗೆ ಹಚ್ಚುವುದು ಸಲ್ಲದೆಂಬುದನ್ನು ಬಲ್ಲೆ.

ನಮ್ಮ ದೇಶದಲ್ಲಂತೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲವೆಂದೂ ಅದೇ ಕಾಯಿದೆ ಹೇಳುತ್ತದೆ. ಸತ್ಯಮಂಗಲವು ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹೊಸೂರು ಕಡೆಯ ಕಾಡು ೨೦೧೪ರಲ್ಲಿ ಕಾವೇರಿ ಉತ್ತರ ಅಭಯಾರಣ್ಯಕ್ಕೆ ಸೇರಿತು. ಆಂಡರ್ಸನ್ನರಂತೆ ಕೋವಿ ಹೆಗಲಿಗೇರಿಸಿ ಹೊರಡುವ ಪ್ರಶ್ನೆ ಅಲ್ಲಿ ಈಗ ಇಲ್ಲ. ಇಂದಿನ ಭಯವೂ ಹುಲಿಯದಲ್ಲ, ಆನೆಯದು. ನಾಡಕೋವಿಯ ಚಿಲ್ಲರೆ ಗುಂಡು ಆನೆಯನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ. ಕೆರಳಿದ ಆನೆಯ ದಾರಿಗೆ ಮರುದಿನ ಬರುವವರು ಶಾಲೆಯ ಮಕ್ಕಳು.

ಹುಡುಗನಿಗೆ ನಾನು ಪ್ರಬಂಧವನ್ನು ತಿದ್ದಲು ಹೇಳಲಿಲ್ಲ. ಅಜ್ಜಿಯು ಕಾಡಿಗೆ ಹೇಗೆ ಹೋಗುತ್ತಾಳೆಂಬುದನ್ನು ಕೇಳಿ ಬರೆದುಕೊಂಡು ಬಾ ಎಂದೆ. ಒಂದೂವರೆ ಪುಟ ಬರೆದು ತಂದನು. ಬಿಸಿಲೇರದೆ ಹೊರಡುವುದಿಲ್ಲ, ನಾಲ್ಕು ಮಂದಿಗೆ ಕಡಿಮೆಯಿದ್ದರೆ ಹೋಗುವುದಿಲ್ಲ, ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತನಾಡುತ್ತಾರೆ, ಲದ್ದಿಯನ್ನು ಕಾಲಿನಿಂದ ಮುಟ್ಟಿ ಬಿಸಿಯಿದ್ದರೆ ಹಿಂದಿರುಗುತ್ತಾರೆ, ಗಾಳಿ ಬೆನ್ನ ಕಡೆಯಿಂದಲೋ ಎದುರಿನಿಂದಲೋ ಎಂದು ಮಣ್ಣು ತೂರಿ ನೋಡುತ್ತಾರೆ, ಕಡವೆ ಕೂಗಿದರೆ ನಿಲ್ಲುತ್ತಾರೆ. ಕಾರ್ಬೆಟ್ಟರು ಬೆಳೆಬೆಳೆಯುತ್ತ ಕಲಿತು ಬರೆದದ್ದರಲ್ಲಿ ಬಹುಪಾಲು ಅದರಲ್ಲಿತ್ತು. ಕುಡುಗೋಲಿನ ಪ್ರಸ್ತಾಪ ಕೊನೆಯಲ್ಲಿ, ಸೌದೆಯ ಹೊರೆ ಕಟ್ಟುವ ಮಾತಿನೊಡನೆ ಬರುತ್ತದೆ.

ಸಂಘದ ವಾಚನಾಲಯದಲ್ಲಿರುವ ರುದ್ರಪ್ರಯಾಗದ ಪ್ರತಿಯಲ್ಲಿ ಕೊನೆಯ ಕೆಲವು ಹಾಳೆಗಳು ಕಳಚಿಹೋಗಿವೆ. ಬೇರೆ ಪ್ರತಿಯುಳ್ಳ ಉಪಾಧ್ಯಾಯ ಮಿತ್ರರು ಒಂದು ವಾರದ ಮಟ್ಟಿಗೆ ಎರವಲು ಕೊಟ್ಟರೆ ಆ ಪುಟಗಳನ್ನು ಕೈಬರಹದಲ್ಲಿ ನಕಲು ಮಾಡಿ ಸೇರಿಸಲು ಒಂಬತ್ತನೆಯ ತರಗತಿಯವರು ಒಪ್ಪಿದ್ದಾರೆ.