ನಾಗಿಯ ಪಾಲು

ಅಣೆಕಟ್ಟು ಅಂದಕೂಡಲೇ ನಮ್ಮ ಪಠ್ಯಪುಸ್ತಕಗಳು ಹೇಳುವುದು ಎತ್ತರ, ನೀರಿನ ಸಂಗ್ರಹ, ವಿದ್ಯುತ್ತು, ಇಷ್ಟೇ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಯಿತು ಎಂದರೆ ಪಾಠ ಮುಗಿಯಿತು. ಆ ನೀರಿನಡಿ ಅಡಿಗೆಮನೆಗಳೂ ತುಳಸಿಕಟ್ಟೆಗಳೂ ಇದ್ದವೆಂದು ಕತೆ ಮಾಡಿ ಹೇಳಿದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಯೋಜನೆಯನ್ನು ಹತ್ತಿರದಿಂದ ಕಂಡವರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಚಿತ್ರವಾಗಿಸಿದರು. ಅದಕ್ಕೆ ಸ್ವರ್ಣಕಮಲ ಬಂತು. ನಾಗಿಯಾಗಿ ನಟಿಸಿದ ಸೌಂದರ್ಯ ಅವರೇ ನಿರ್ಮಾಪಕಿ.

ಚಿತ್ರದಲ್ಲಿ ಭಾಷಣವಿಲ್ಲ. ಊರವರು ಪರಿಹಾರ ಪಡೆದು ಗಂಟುಮೂಟೆ ಕಟ್ಟುತ್ತಾರೆ. ಸೀತಾಪರ್ವತದ ದುಗ್ಗಜ್ಜ ಮಾತ್ರ ಕದಲಲೊಲ್ಲ. ಹಠವೆನ್ನಬಹುದು. ಆದರೆ ನೆಲಕ್ಕೆ ದರ ಕಟ್ಟಬಹುದು, ಹತ್ತು ಜನ ಬಂದು ಕೈಮುಗಿಯುತ್ತಿದ್ದ ಮರ್ಯಾದೆಗೆ ಯಾವ ಕಚೇರಿ ದರ ಕಟ್ಟೀತು?

ನೀರು ಏರಿದಂತೆ ಮಗ ಗಣಪ ಕುಗ್ಗುತ್ತಾನೆ. ನೆರವಿಗೆ ಬಂದ ಕೃಷ್ಣನನ್ನು ಕಂಡು ಹೆಂಡತಿಯ ಮೇಲೇ ಅನುಮಾನಪಡುತ್ತಾನೆ. ಮನೆಯನ್ನು ಹಿಡಿದು ನಿಲ್ಲಿಸುವವಳು ನಾಗಿ. ಕೊನೆಗೆ ಬದುಕಿ ಉಳಿದದ್ದಕ್ಕೆ ಗಣಪನ ಕೃತಜ್ಞತೆಯೆಲ್ಲ ದೇವರಿಗೆ. ಅವಳ ದುಡಿಮೆಗೆ ಒಂದು ಮಾತಿಲ್ಲ. ಇದು ಮುಳುಗಡೆಯ ಊರಿನ ಕತೆ ಮಾತ್ರವೇ? ನಮ್ಮ ಪೇಟೆಯ ಮನೆಗಳಲ್ಲಿ ನಡೆಯದ್ದೇ, ಹೇಳಿ?

ಇಷ್ಟು ಮೆಚ್ಚಿಯೂ ನನಗೊಂದು ಕೊರತೆ ಉಳಿಯಿತು. ಚಿತ್ರ ಒಂದೇ ಮನೆಯೊಳಗೆ ನಿಂತುಬಿಡುವುದರಿಂದ ಹೊರಟುಹೋದ ಮನೆಗಳ ಹೆಂಗಸರು ನಮಗೆ ಕಾಣುವುದೇ ಇಲ್ಲ. ಹೊಸ ಜಾಗದಲ್ಲಿ ನೀರೆಲ್ಲಿ, ಸೌದೆಯೆಲ್ಲಿ, ಹೆರಿಗೆನೋವು ಬಂದರೆ ಕೂಗಿ ಕರೆಯುವುದು ಯಾರನ್ನು? ಗಣಪನ ಅನುಮಾನಕ್ಕೆ ಕೊಟ್ಟ ಹೊತ್ತಿನಲ್ಲಿ ತುಸು ಇವರಿಗೂ ಸಿಗಬೇಕಿತ್ತು. ಉಳಿದವರ ಧೈರ್ಯವನ್ನು ಹೊಗಳುವುದು ಸುಲಭ. ಬೇರು ಸಹಿತ ಎದ್ದುಹೋಗಿ ಮತ್ತೊಂದು ಕಡೆ ಒಲೆ ಹೂಡಿದವರ ಧೈರ್ಯವೂ ಧೈರ್ಯವೇ.

ಹಿನ್ನೀರಿನಾಚೆಯವರು ದಶಕಗಳ ಕಾಲ ಲಾಂಚು ಕಾದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ, ಅಣೆಕಟ್ಟಾಗಿ 61 ವರ್ಷಕ್ಕೆ. ಅದನ್ನು ನೋಡಲು ಡಿಸೋಜರು ಇರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದರು. ಸಿಗಂದೂರಿಗೆ ಹೊರಟ ಗೆಳತಿಯರು ಸೇತುವೆ ದಾಟುವ ಮುನ್ನ ಈ ಚಿತ್ರವನ್ನೊಮ್ಮೆ ನೋಡಿ. ಮನೆಯ ಗಂಡಸರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೊನೆಯಲ್ಲಿ ಗಣಪನ ಮಾತು ಬಂದಾಗ ಅವರೇನನ್ನುತ್ತಾರೋ ಕೇಳಿ.