ಲಿನಕ್ಸಿನ ಉಪಕರಣನಾಮಗಳು: ಒಂದು ವಿಮರ್ಶೆ

ನಾಮಪದಗಳನ್ನು ರೂಢ, ಅಂಕಿತ, ಅನ್ವರ್ಥವೆಂದು ವಿಂಗಡಿಸುವ ಕ್ರಮವು ಕನ್ನಡ ಅಧ್ಯಾಪಕರಿಗೆ ಸುಪರಿಚಿತವಾದುದು. ಗಣಕಯಂತ್ರದ ಲಿನಕ್ಸ್ ವ್ಯವಸ್ಥೆಯು ತನ್ನ ಉಪಕರಣಗಳಿಗಿಡುವ ಹೆಸರುಗಳನ್ನು ಈ ಒರೆಗೆ ಹಚ್ಚಿದರೆ ಅವುಗಳ ದೋಷವು ವ್ಯಕ್ತವಾಗುವುದು.

ಮೊದಲು ಐಡಿಇ ಡಿಸ್ಕಿಗೆ ‘ಎಚ್‌ಡಿಎ’ ಎಂದೂ ಸ್ಕಸಿ ಡಿಸ್ಕಿಗೆ ‘ಎಸ್‌ಡಿಎ’ ಎಂದೂ ಹೆಸರಿದ್ದಿತು. 2007ರ ಫೆಡೋರಾ 7ರಲ್ಲಿ ಎರಡೂ ‘ಎಸ್‌ಡಿ’ ವರ್ಗಕ್ಕೆ ಸೇರಿದುವು. ಜಾಲಸಂಪರ್ಕದ ಕಾರ್ಡಿಗಿದ್ದ ‘ಇಥ್‌0’ ಎಂಬ ಅಂಕಿತಕ್ಕೆ ಪ್ರತಿಯಾಗಿ, 2013ರಲ್ಲಿ ಸಿಸ್ಟಮ್‌ಡಿ 197, ‘ಇಎನ್‌ಪಿ3ಎಸ್‌0’ ಎಂಬಂಥ ಅನ್ವರ್ಥಗಳನ್ನು ತಂದಿತು. ಇದರಲ್ಲಿ 3 ಎಂಬುದು ಪಿಸಿಐ ಬಸ್ಸನ್ನೂ 0 ಎಂಬುದು ಸ್ಲಾಟನ್ನೂ ಸೂಚಿಸುವುವು. ಡೆಬಿಯನ್ ವಿತರಣೆಯು ಹೊಸ ಸ್ಥಾಪನೆಗಳಲ್ಲಿ ಈ ಪದ್ಧತಿಯನ್ನು ಅಂಗೀಕರಿಸಿದುದು 2017ರಲ್ಲಿ. ಹೀಗೆ ಒಂದೇ ಕಾರ್ಡಿಗೆ ವಿತರಣೆಗೊಂದು ಹೆಸರಾಯಿತು.

ಆದರೆ ಅನೇಕನಾಮತ್ವವೇ ಮುಖ್ಯದೋಷವಲ್ಲ. ಆಲಮೇಲವನ್ನೇ ನೋಡಿರಿ. 2014ರ ನವೆಂಬರ್ 1ರಂದು ಅದರ ಜಿಲ್ಲೆಯಾದ ಬಿಜಾಪುರವು ವಿಜಯಪುರವಾಯಿತು; ಎರಡು ಹೆಸರೂ ಅದೇ ನೆಲವನ್ನು ಹೇಳುವುವು. ‘ಎಸ್‌ಡಿಎ’ ಹಾಗಲ್ಲ, ಅದು ಡಿಸ್ಕು ಕಂಡುಬಂದ ಸರದಿಯನ್ನು ಹೇಳುವುದೇ ಹೊರತು ಡಿಸ್ಕನ್ನಲ್ಲ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದೇ ಡಿಸ್ಕು ‘ಎಸ್‌ಡಿಬಿ’ ಆಗಬಹುದು. ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಡಿಸ್ಕಿನಲ್ಲಿಟ್ಟ ಅಧ್ಯಾಪಕರು ಹಳೆಯ ಕೈಪಿಡಿಯನ್ನು ನಂಬಿ, ಡಿಸ್ಕಿನ ಮೇಲೆ ನೇರವಾಗಿ ಬರೆಯುವ ‘ಡಿಡಿ’ ಆಜ್ಞೆಯನ್ನು ಕೊಟ್ಟರೆ ಅಳಿಯುವುದು ಆ ಸಂಗ್ರಹವೇ ಆದೀತು. ಅನ್ವರ್ಥವೂ ನಿರ್ದೋಷವಲ್ಲ, ಕಾರ್ಡಿನ ಸ್ಲಾಟು ಬದಲಾದರೆ ಹೆಸರೂ ಬದಲಾಗುವುದು.

ತಯಾರಕರು ಡಿಸ್ಕಿಗೆ ಕೊಟ್ಟ ಸಂಖ್ಯೆಯಿಂದಾದ ‘ಬೈ-ಐಡಿ’ ನಾಮವು ದೀರ್ಘವಾದರೂ ಸರದಿಗೆ ಅಧೀನವಲ್ಲ. ಕನ್ನಡದಲ್ಲಿ ಕೈಪಿಡಿ ಬರೆಯುವವರು ಡಿಸ್ಕನ್ನು ಆ ನಾಮದಿಂದಲೇ ನಿರ್ದೇಶಿಸತಕ್ಕದ್ದೆಂದು ನಮ್ಮ ಅಭಿಪ್ರಾಯವು. ವಸ್ತುವನ್ನು ಬಿಟ್ಟು ಸರದಿಯನ್ನು ಹಿಡಿದ ಹೆಸರು ನಾಮವೆನಿಸಲಾರದು.